ಒಂಬತ್ತು ಗಂಟೆಯ ಗುಳಿಗೆ

ಚಿಕ್ಕೋಡಿ
ಭಾನುವಾರ, 14 ಸೆಪ್ಟೆಂಬರ್ 2025

ಪ್ರೀತಿಯ ಆಯಿ,

ನಿನ್ನ ಮೊಮ್ಮಗಳು ಮಯೂರಿಯ ಜೈ ಜಿನೇಂದ್ರ. ಮೈಯಲ್ಲಿ ಹೇಗಿದ್ದೀ? ದಶಲಕ್ಷಣ ಪರ್ವದ ಹತ್ತೂ ದಿನ ಒಪ್ಪತ್ತು ಮಾಡಿದೆಯಂತೆ, ಏಳನೆಯ ದಿನ ಬಸದಿಯ ಮೆಟ್ಟಿಲ ಮೇಲೆ ತಲೆ ಸುತ್ತಿ ಕುಳಿತುಬಿಟ್ಟೆಯಂತೆ. ನೀನಿರುವ ಸತ್ತಿ ಊರಿಗೆ ತರಕಾರಿ ಮುಟ್ಟಿಸಿ ಬಂದ ಭೀಮಗೊಂಡ ಕಾಕಾ ಹೇಳಿದ. "ಏನಿಲ್ಲ ಬಿಡಪಾ, ಬಿಸಲ ಝಳಾ" ಎಂದು ನೀನು ನಕ್ಕದ್ದನ್ನೂ ಹೇಳಿದ. ಆ ವಾರ ಬಿಸಿಲೇ ಬಿದ್ದಿರಲಿಲ್ಲ ಆಯಿ. ಅಲ್ಲಿ ಮುನಿ ಮಹಾರಾಜರ ಸೇವೆಗೆ ನಿಂತವಳು, ಅವರ ಚಾತುರ್ಮಾಸ ಮುಗಿಯುವ ತನಕ ಫೋನು ಮುಟ್ಟುವುದಿಲ್ಲವೆಂದು ನೀನು ನೇಮ ಹಿಡಿದಿದ್ದೀ, ಅದಕ್ಕೇ ಈ ಪತ್ರ. ಅದೂ ಒಳ್ಳೆಯದೇ ಆಯಿತು. ಫೋನಿನಲ್ಲಿ ನಾನು "ಹೂಂ, ಆತು, ಇಡತೇನಿ" ಬಿಟ್ಟು ಬೇರೆ ಏನು ಮಾತಾಡಿದ್ದೇನೆ? ಅಥಣಿಯ ಮನೆಯಲ್ಲಿ ಎಲ್ಲರೂ ಆರಾಮ. ನೀನು ಇಲ್ಲದ್ದಕ್ಕೆ ಅಪ್ಪ ಸಂಜೆ ಊಟಕ್ಕೆ ಕೂತು ಎರಡು ಸಲ ನಿನ್ನ ತಾಟನ್ನೂ ಹಾಕಿಸಿದನಂತೆ.

ನನ್ನ ನೌಕರಿಯ ಸುದ್ದಿ ನಿನಗೆ ಅರ್ಧವೇ ಗೊತ್ತು. ಈ ವೈದ್ಯಕೀಯ ಕಾಲೇಜಿಗೆ ನಾನು ಬಂದದ್ದು ಬೇರೆ ರಾಜ್ಯದ ಹುಡುಗರಿಗೆ ಕನ್ನಡ ಕಲಿಸಲು. ಎಲ್ಲಿ ನೋಯುತ್ತದೆ, ಎಷ್ಟು ದಿನದಿಂದ, ನಾಲಿಗೆ ಚಾಚಿ, ಇಷ್ಟೇ. ಜೂನ್‌ನಲ್ಲಿ ರೂಪೇಶ ಸರ್ ಎಂಬ ಹೊಸ ಡಾಕ್ಟರು ‘ಉದ್ಯಮಶೀಲತೆ ಮತ್ತು ನಾವೀನ್ಯ’ ಎಂಬ ತರಗತಿ ಶುರು ಮಾಡಿದರು. ಹಳ್ಳಿಗೆ ಹೋದಾಗ ಕನ್ನಡ, ಮರಾಠಿ ಎರಡೂ ಬಲ್ಲವರು ಜೊತೆಗಿರಲಿ ಎಂದು ನನ್ನನ್ನೂ ಎಳೆದುಕೊಂಡರು. ನೀನು ಆಗ ಕೇಳಿದ್ದು ನೆನಪಿದೆ: "ಡಾಕ್ಟರ್ ಆಗೋರಿಗೆ ಅಂಗಡಿ ಇಡಾಕ ಕಲಸ್ತಾರೇನ ಬೇ?" ನನಗೂ ಹಾಗೇ ಅನಿಸಿತ್ತು. ಆದರೆ ಸರ್ ಮೊದಲ ದಿನ ಹೇಳಿದ್ದೇ ಬೇರೆ. "ಏನ ಮಾರೂದು ಅನ್ನೂದ ಆಮ್ಯಾಲ. ಮೊದಲ ಒಬ್ಬರ ಮನ್ಯಾಗ ಹೋಗಿ ಕುಂದರ್ರಿ. ಅವರಿಗೆ ಏನ ಅಡಚಣಿ ಐತಿ ನೋಡ್ರಿ." ಹುಡುಗರು ಬರೆದುಕೊಂಡರು. ಕೂತವರು ಮಾತ್ರ ಕಡಿಮೆ.

ಕಾಗವಾಡದ ಕುಣಾಲ, ರಾಯಬಾಗದ ನೀಲಮ, ಇನ್ನಿಬ್ಬರು ಸೇರಿ ಗುಳಿಗೆ ನೆನಪಿಸುವ ಒಂದು ಡಬ್ಬಿ ಮಾಡಿದರು. ಮೂರು ಖಾನೆ, ಮೂರು ಮುಚ್ಚಳ; ಹೊತ್ತಾದಾಗ ದೀಪ ಮಿನುಗಿ ಗಂಟೆ ಬಾರಿಸುತ್ತದೆ. ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತು ಎಂದು ಕುಣಾಲ ಬೋರ್ಡಿನ ಮೇಲೆ ಬರೆದ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಆ ಒಂಬತ್ತನ್ನೇ ನೋಡಿದೆ. ಡಬ್ಬಿ ಕೊಟ್ಟು ನೋಡಲು ಏಕಸಂಬಿ ಊರಿನಲ್ಲಿ ಅವರು ಆರಿಸಿಕೊಂಡ ಹತ್ತು ಮನೆಗಳಲ್ಲಿ ಏಳು ನಮ್ಮ ಜೈನರವು. ಹೊತ್ತು ಮುಳುಗಿದ ಮೇಲೆ ಅಲ್ಲಿನ ಹಿರಿಯರು ನೀರಿನ ಲೋಟವನ್ನೂ ಮುಟ್ಟುವುದಿಲ್ಲ. ಅದು ನನಗೆ ಗೊತ್ತಿತ್ತು. ಡಾಕ್ಟರಾಗುವವರ ನಡುವೆ ಕನ್ನಡದ ಮೇಡಂ ಏನು ಹೇಳುವುದು ಎಂದು ಬಾಯಿ ಬಿಡಲಿಲ್ಲ. ಕುಣಾಲನೂ ನಮ್ಮವನೇ, ಅವನೇ ಬರೆದ ಮೇಲೆ ಸರಿ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಅವನಿಗೇನು, ಪುಸ್ತಕದಲ್ಲಿ ರಾತ್ರಿ ಎಂದರೆ ಒಂಬತ್ತು ಎಂದಿತ್ತು. ಕಾಲೇಜಿನ ಗೇಟಿನೊಳಗೆ ಬರುವಾಗ ನಾವು ಮನೆಯನ್ನು ಹೊರಗೇ ಬಿಟ್ಟು ಬರುತ್ತೇವೆ.

ಹದಿನೈದು ದಿನದ ಮೇಲೆ ಹೋಗಿ ಮುಚ್ಚಳ ತೆಗೆದರೆ ಏಳು ಮನೆಗಳಲ್ಲಿ ರಾತ್ರಿಯ ಖಾನೆ ತುಂಬಿತ್ತು. ಸದ್ದು ಸಾಲುತ್ತಿಲ್ಲ ಎಂದು ಕುಣಾಲ ಇನ್ನೂ ಜೋರಾದ ಗಂಟೆ ಕೂಡಿಸಿದ. ಮತ್ತೆ ಹೋದೆವು. ತಾರಾಬಾಯಿ ಎಂಬ ಎಪ್ಪತ್ತರ ಮುದುಕಿಯ ಮನೆಯಲ್ಲಿ ಡಬ್ಬಿಯೇ ಕಾಣಲಿಲ್ಲ. ಹುಡುಕುತ್ತಿದ್ದಾಗ ಎರಡು ಹೊಡೆಯಿತು. ಅಡುಗೆ ಮನೆಯ ಜೋಳದ ಡಬ್ಬದೊಳಗಿಂದ ಗಂಟೆ ಕೇಳಿಸಿತು! "ರಾತ್ರಿ ಒದರಿ ಕೂಸಿನ್ನ ಎಬ್ಬಸ್ತೈತಿ, ಅದಕ ಅಲ್ಲೇ ಮಲಗಸೇನಿ" ಎಂದಳು. ನೀಲಮ ಮೆತ್ತಗೆ ಕೇಳಿದಳು, "ರಾತ್ರಿ ಗುಳಿಗಿ ಯಾಕ ತಗೊಂಡಿಲ್ರಿ ಆಯಿ?" "ಹೊತ್ತ ಮುಳಗಿದ ಮ್ಯಾಲ ನಾ ಬಾಯಿ ಮುಚ್ಚತೇನಿ, ನಿಮ್ಮ ಡಬ್ಬಿ ಬಾಯಿ ತಗೀತೈತಿ. ಹೆಂಗ ಜಮಸೂದವಾ?" "ಡಾಕ್ಟರಿಗೆ ಹೇಳಬೇಕಿಲ್ರಿ?" "ಊಟಾ ಆದ ಮ್ಯಾಲ ತಗೋರಿ ಅಂತಾರ. ಊಟಾ ಯಾವಾಗ ಮಾಡ್ತಿ ಅಂತ ಯಾರ ಕೇಳ್ಯಾರ?" ಆಮೇಲೆ ಕುಣಾಲನ ಕಡೆ ತಿರುಗಿದಳು. "ನೀ ಕಾಗವಾಡದಾವ ಅಲ್ಲ? ನಿಮ್ಮವ್ವ ಒಂಬತ್ತಕ್ಕ ಉಣ್ಣತಾಳೇನ ಲೇ?" ಅವನ ಕಿವಿ ಕೆಂಪಾದವು. ಜೀಪಿನಲ್ಲಿ ನೀಲಮ ಬಿಡಲಿಲ್ಲ: "ಎರಡ ತಿಂಗಳ ಮಷೀನ್ ಮಾಡಿದಿ. ನಿಮ್ಮವ್ವಗ ಒಂದ ಫೋನ್ ಮಾಡಿದ್ರ ಮುಗೀತಿತ್ತಲ್ಲೋ!" ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ.

ಮಾರನೆಯ ದಿನದ ತರಗತಿಯಲ್ಲಿ ಸರ್ ಕೇಳಿದರು, "ಈ ಒಂಬತ್ತು ತಪ್ಪು ಅಂತ ಮೊದಲ ಯಾರಿಗರೆ ಗೊತ್ತಿತ್ತೇನು?" ನಾನು ಎದ್ದು ನಿಂತೆ. "ನನಗ ಗೊತ್ತಿತ್ರಿ ಸರ್." ಬೈಯುತ್ತಾರೆ ಅಂದುಕೊಂಡಿದ್ದೆ. ಅವರು, "ಮೇಡಂ, ನಾಳಿಂದ ಮುಂದಿನ ಬೆಂಚಿಗೆ ಬರ್ರಿ" ಎಂದರು, ಅಷ್ಟೇ. ಕುಣಾಲ ಆ ವಾರ ಊರಿಗೆ ಹೋಗಿ ಮನೆಯ ಗೋಡೆಯ ಜೈನ ಕ್ಯಾಲೆಂಡರನ್ನೇ ಕಿತ್ತು ತಂದ, ದಿನದಿನದ ಸೂರ್ಯಾಸ್ತ ಬರೆದಿರುತ್ತದಲ್ಲ, ಅದು. ಔಷಧ ವಿಭಾಗದ ಡಾಕ್ಟರು ಸೋನಾಲಿ ಮೇಡಂ ಒಬ್ಬೊಬ್ಬರ ಚೀಟಿಯನ್ನೂ ನೋಡಿ, ಯಾರ ಗುಳಿಗೆಯನ್ನು ಸಂಜೆಯ ಊಟಕ್ಕೆ ಸರಿಸಬಹುದು, ಯಾರದನ್ನು ಬದಲಿಸಬೇಕು ಎಂದು ಹೇಳಿದರು. ಈಗ ಆ ಡಬ್ಬಿ ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮೊದಲು ಬಾರಿಸಿ ಸುಮ್ಮನಾಗುತ್ತದೆ. ತಾರಾಬಾಯಿ ಅದನ್ನು ದೇವರ ಜಗಲಿಯ ಪಕ್ಕದಲ್ಲಿ ಇಟ್ಟಿದ್ದಾಳೆ.

ಇಷ್ಟೆಲ್ಲ ಬರೆದದ್ದು ಯಾಕೆಂದು ನಿನಗೆ ತಿಳಿದಿರಬಹುದು. ಜೋಳದ ಡಬ್ಬದಿಂದ ಆ ಸದ್ದು ಬಂದಾಗ ನನಗೆ ಕಂಡದ್ದು ನಿನ್ನ ಲವಂಗದ ಡಬ್ಬಿ. ರಾತ್ರಿ ಮಲಗುವಾಗ ಎಂದು ಡಾಕ್ಟರು ಬರೆದ ಬಿಪಿ ಗುಳಿಗೆಯನ್ನು ಅಪ್ಪ ನಿನ್ನ ಅಂಗೈಗೆ ಹಾಕುತ್ತಾನೆ, ನೀನು ಹೂಂ ಎನ್ನುತ್ತೀ, ಆಮೇಲೆ ಅದು ಲವಂಗದ ಡಬ್ಬಿಗೆ ಹೋಗುತ್ತದೆ. ಎರಡು ವರ್ಷದ ಹಿಂದೆ ನಾನು ನೋಡಿಬಿಟ್ಟಾಗ ನೀನು, "ಮಗಾ ತಂದ ಔಷಧ ಚೆಲ್ಲಬಾರದವಾ" ಎಂದು ನನ್ನ ಕೆನ್ನೆ ಹಿಂಡಿದೆ. ನಾನು ಯಾರಿಗೂ ಹೇಳಲಿಲ್ಲ. ಮೇ ತಿಂಗಳಲ್ಲಿ ನೀನು ಹಿತ್ತಿಲಲ್ಲಿ ಬಿದ್ದೆ. ಗುಳಿಗೆ ತಾಗುತ್ತಿಲ್ಲ ಎಂದು ಡಾಕ್ಟರು ಅದನ್ನು ದುಪ್ಪಟ್ಟು ಮಾಡಿದರು. ಆಗಲೂ ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ನುಂಗದ ಗುಳಿಗೆ ಹೇಗೆ ತಾಗೀತು ಆಯಿ? ನೀನು ನೇಮ ಮುರಿಯಬೇಕೆಂದು ನಾನು ಯಾವತ್ತೂ ಹೇಳುವುದಿಲ್ಲ. ನಿನ್ನ ನೇಮವನ್ನು ಡಾಕ್ಟರಿಗೆ ತಿಳಿಸಬೇಕಾಗಿತ್ತು, ಅದನ್ನು ನಾನು ಮಾಡಲಿಲ್ಲ.

ಮಹಾರಾಜರಿಗೆ ನನ್ನ ನಮೋಸ್ತು ಹೇಳು. ನಿನ್ನ ಕಾಲಿಗೆ ನಮಸ್ಕಾರ. ಬೈಯುವುದಿದ್ದರೆ ಎದುರಿಗೇ ಬೈಯಿ, ಕೇಳುತ್ತೇನೆ.

ನಿನ್ನ
ಮಯೂರಿ

ತಾ.ಕ.: ಈ ಪತ್ರ ಒಯ್ಯಲು ಬಂದ ಕಾಕಾ ಹೊರಗೆ ಗಾಡಿಯ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಸೋನಾಲಿ ಮೇಡಂಗೆ ಎಲ್ಲ ಹೇಳಿಬಿಟ್ಟೆ. ಅಪ್ಪನಿಗೆ ಹೇಳಿಲ್ಲ, ಅದನ್ನು ನೀನೇ ಹೇಳಬೇಕು. ಮೇಡಂ ತಾವು ನಿನ್ನನ್ನು ನೋಡುವ ತನಕ ಆ ದುಪ್ಪಟ್ಟಿನ ಗುಳಿಗೆಯನ್ನು ನೀನಾಗಿ ಶುರು ಮಾಡಬೇಡ ಎಂದಿದ್ದಾರೆ. ಬೆಳಗಿನದು ಎಂದಿನಂತೆಯೇ ಇರಲಿ. ಬುಧವಾರ ಮಹಾರಾಜರ ಆಹಾರ ಮುಗಿದ ಕೂಡಲೇ ಕಾಕಾ ನಿನ್ನನ್ನು ಇಲ್ಲಿಗೆ, ಮೇಡಂ ಹತ್ತಿರ ಕರೆದುಕೊಂಡು ಬರುತ್ತಾನೆ. ಲವಂಗದ ಡಬ್ಬಿಯನ್ನೂ ತಾ. ಅಂದು ಹೊತ್ತು ಮುಳುಗುವುದು ಆರೂವರೆಯ ಸುಮಾರಿಗೆ, ಕುಣಾಲನ ಕ್ಯಾಲೆಂಡರ್ ನೋಡಿದ್ದೇನೆ. ಐದಕ್ಕೆಲ್ಲ ನಿನ್ನನ್ನು ಮರಳಿ ಸತ್ತಿಯಲ್ಲಿ ಊಟಕ್ಕೆ ಕೂಡಿಸುವ ಜವಾಬ್ದಾರಿ ನನ್ನದು.