ದೇವರ ಫೋಲ್ಡರಿನಲ್ಲಿ ಅಮ್ಮ

ತಂಗೀ,

ಇವತ್ತು ಉಪವಾಸ, ಒಲೆಯ ಕೆಲಸವಿಲ್ಲ. ನೆಲ ಒರೆಸಿ, ಬಟ್ಟೆ ಒಣಹಾಕಿ, ಪೂಜೆ ಮುಗಿಸುವಷ್ಟರಲ್ಲಿ ನನ್ನ ಫೋನು ಜಾಗವಿಲ್ಲವೆಂದು ಹಟ ಹಿಡಿಯಿತು. ಸೊಸೆ ಪಕ್ಕದಲ್ಲಿ ಕೂತು ಒಂದೊಂದೇ ತೆರೆದು ತೋರಿಸಿದಳು. ಅಂಗೈಯಷ್ಟು ಡಬ್ಬಿಯೊಳಗೆ ಎಷ್ಟೊಂದು ಕೋಣೆಗಳು! ಎಷ್ಟು ತುಂಬಿದರೂ ತೂಕ ಮಾತ್ರ ಹೆಚ್ಚುವುದಿಲ್ಲ, ಅದು ಹೇಗೋ.

"ಅತ್ತೆ, 'ದೇವರು' ಅಂತ ಒಂದು ಫೋಲ್ಡರ್ ಇದೆ. ಅಳಿಸ್ಲಾ?"

"ನಿನ್ನ ತಲೆ! ಸ್ತೋತ್ರ ಕಣೇ ಅದು. ಎಲ್ಲಾ ಬಾಯಿಗೇ ಬರುತ್ತೆ ಅಂತ ತೆಗೆದೇ ನೋಡಿಲ್ಲ."

ಅವಳು ಒತ್ತಿದಳು. ಎರಡು ಸ್ತೋತ್ರ ಮುಗಿದ ಮೇಲೆ ಅಮ್ಮ ಮಾತಾಡಿದಳು. "ಇಷ್ಟುದ್ದ ನಾನು ಇದರೊಳಗೆ ಹೇಗೆ ಹಿಡಿಸ್ತೀನೇ?" ಅನ್ನುತ್ತಾಳೆ. ಅವಳ ದನಿಯ ಹಿಂದೆ ನೀನು ನಗುತ್ತೀ.

ಅಮ್ಮ ತೀರಿಕೊಂಡ ವಾರ, ಅವಳ ದನಿಯ ಆ ರೆಕಾರ್ಡಿಂಗನ್ನು ದೇವರ ಜೊತೆ ಇಟ್ಟವಳು ನಾನೇ. ಇಟ್ಟದ್ದು ಮರೆತು, ನೀನೇ ಅಳಿಸಿದೆ ಎಂದು ನೆಂಟರೆದುರು ಅಂದೆ. ನೀನು ಆಣೆ ಮಾಡಿದರೂ ನಂಬಲಿಲ್ಲ. ನಾವು ಮಾತು ಬಿಟ್ಟು ನಾಲ್ಕು ವರ್ಷವಾಯಿತು.

"ಚಿಕ್ಕತ್ತೆಗೆ ಈಗಲೇ ಕಳಿಸ್ಲಾ?" ಅಂದಳು ಸೊಸೆ. ತಡಿ ಅಂದೆ.

ಈ ಕಾಗದ ಕಳಿಸುವ ಧೈರ್ಯವೂ ನನಗಿಲ್ಲ. ಆ ಧೈರ್ಯ ಎಂದಾದರೂ ಬಂದರೆ, ಸೊಸೆಯೇ ಇದನ್ನು ನಿನಗೆ ಕೊಟ್ಟು ಉತ್ತರ ತರಲಿ. ಬೈಗುಳವಾದರೂ ಸರಿ, ನಿನ್ನ ದನಿಯಲ್ಲೇ ಈ ಫೋನಿಗೆ ತುಂಬಿಕೊಂಡು ತರಲಿ.