‘ಸಣ್ಣಪುಟ್ಟ ಸುಧಾರಣೆ’ ಎಂದು ನೀವು ಮುಚ್ಚಿದ ದಾರಿ

ಬರವಣಿಗೆ ತಂತ್ರಾಂಶದ ಅಭಿವೃದ್ಧಿ ವಿಭಾಗದ ಮುಖ್ಯಸ್ಥರೇ,

ಕಳೆದ ತಿಂಗಳು ತಾವು ಬಿಡುಗಡೆ ಮಾಡಿದ ಹೊಸ ಆವೃತ್ತಿ ನನ್ನ ಅಕ್ಕನ ಕಿವಿ ಮುಚ್ಚಿಸಿತು. ಕಣ್ಣಂತೂ ಅವಳಿಗೆ ಮೊದಲೇ ಕಾಣಿಸುವುದಿಲ್ಲ.

ಅಕ್ಕ ಶಾಲೆಯಲ್ಲಿ ಭಾಷಾ ಶಿಕ್ಷಕಿ. ಮಕ್ಕಳು ಪ್ರಬಂಧ ಟೈಪ್ ಮಾಡುವುದು ತಮ್ಮ ಕಂಪನಿಯ ಈ ತಂತ್ರಾಂಶದಲ್ಲೇ. ಅದನ್ನು ಅವಳಿಗೆ ಇಯರ್‌ಫೋನಿನಲ್ಲಿ ಓದಿ ಹೇಳುವ ಎಕ್ಸ್‌ಟೆನ್ಷನ್, ಅಂದರೆ ತಂತ್ರಾಂಶಕ್ಕೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಬರೆದವನು ನಾನು. ನನ್ನಂಥ ಹೊರಗಿನವರ ಪ್ರೋಗ್ರಾಂ ಒಳಗೆ ಬಂದು ಪುಟದ ಮೇಲಿನ ಅಕ್ಷರ ಪಡೆಯಲೆಂದೇ ಒಂದು ಇಂಟರ್‌ಫೇಸ್ ಕೊಟ್ಟು, ‘ಬನ್ನಿ, ಕೈಜೋಡಿಸಿ’ ಎಂದು ಕರೆದವರು ತಾವು. ಅದನ್ನೇ ಸದ್ದಿಲ್ಲದೆ ಕಿತ್ತುಹಾಕಿ, ‘ಸಣ್ಣಪುಟ್ಟ ಸುಧಾರಣೆಗಳು’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಂಡವರೂ ತಾವೇ. ಯಾರಿಗೆ ಸಣ್ಣದು, ಸ್ವಾಮಿ?

ಅಂದು ತರಗತಿಯಲ್ಲಿ ಅಕ್ಕ ಒಬ್ಬ ಹುಡುಗನ ಪ್ರಬಂಧ ತೆರೆದಳು. ಇಯರ್‌ಫೋನಿನಲ್ಲಿ ಉಸಿರಿಲ್ಲ. ಹುಡುಗ ಪಕ್ಕದಲ್ಲೇ ಕಾದು ನಿಂತಿದ್ದ. ಅವನನ್ನು ಕಾಯಿಸಬಾರದೆಂದು ಅವಳು ಮುಂದಿನ ಬೆಂಚಿನ ಹುಡುಗಿಗೆ, "ಇದೊಂಚೂರು ಓದಮ್ಮ" ಎಂದಳು. ಆ ಹುಡುಗಿ ಇಡೀ ತರಗತಿಗೆ ಕೇಳುವಂತೆ ಓದಿದಳು: ಅಪ್ಪ ಮನೆ ಬಿಟ್ಟು ಹೋದ ಮೇಲೂ ಅಮ್ಮ ಊಟಕ್ಕೆ ಅವನ ತಟ್ಟೆ ಇಡುತ್ತಾಳೆ, ಆಮೇಲೆ ಏನೂ ಆಗದವಳಂತೆ ಎತ್ತಿಡುತ್ತಾಳೆ. "ಸಾಕು, ನಿಲ್ಸು!" ಎಂದು ಅಕ್ಕ ಕೂಗುವಷ್ಟರಲ್ಲಿ ಹಿಂದಿನಿಂದ ಯಾರೋ ಕಿಸಕ್ಕೆಂದಿದ್ದರು. ಟೀಚರ್ ಒಬ್ಬರಿಗೇ ಎಂದು ಬರೆದದ್ದು ಊರ ಬಾಯಿಗೆ ಬಿತ್ತು.

ಕೂಡಲೇ ಅಕ್ಕನ ಫೋನ್ ಬಂತು. "ನಿನ್ ಪ್ರೋಗ್ರಾಂ ಬಾಯೇ ಬಿಡ್ತಿಲ್ಲ. ಏನೋ ಮಾಡ್ದೆ?"

"ನಾನೇನೂ ಮಾಡಿಲ್ಲಕ್ಕ."

"ಏನೂ ಮಾಡ್ದೇನೇ ಕೆಟ್ಟೋಗುತ್ತೇನೋ?"

ಹೌದು, ತಮ್ಮ ರಾಜ್ಯಭಾರದಲ್ಲಿ ಹಾಗೂ ಆಗುತ್ತದೆ. ಒಂದಕ್ಷರ ಮುಟ್ಟದ ಪ್ರೋಗ್ರಾಂ ಬೆಳಗಾಗುವುದರೊಳಗೆ ಸತ್ತು ಬಿದ್ದಿರುತ್ತದೆ. ಕಾರಣ ಕೇಳಿ ಬರೆದೆ. ‘ಬದಲಾವಣೆ ಅನಿವಾರ್ಯ’ ಎಂಬ ಉಪದೇಶ ಬಂತು. ಬದಲಾವಣೆ ಬೇಡವೆಂದು ನಾನೆಲ್ಲಿ ಹೇಳಿದೆ? ಹೊಸ ದಾರಿ ಧಾರಾಳವಾಗಿ ತೆರೆಯಿರಿ. ನಾವು ಗಂಟುಮೂಟೆ ಹೊತ್ತು ಅಲ್ಲಿಗೆ ತಲುಪುವವರೆಗೆ ಹಳೆಯದನ್ನು ಉಳಿಸಿಕೊಳ್ಳಲು ತಮಗೆ ಅಷ್ಟು ಕಷ್ಟವೇ? ಮುಚ್ಚುತ್ತೇವೆಂದು ಮೊದಲೇ ಒಂದು ಮಾತು ಹೇಳಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?

ಎಕ್ಸ್‌ಟೆನ್ಷನ್ನನ್ನು ಹೇಗೋ ತಿದ್ದಿದೆ, ಅದೀಗ ಓದುತ್ತಿದೆ. ಆದರೆ ಆ ಹುಡುಗ ಈಗ ಮೋಡ, ರಸ್ತೆ, ಬಸ್ಸಿನ ಬಗ್ಗೆ ಮಾತ್ರ ಬರೆಯುತ್ತಾನಂತೆ. "ಅವನ ಬರಹದಲ್ಲಿ ಒಂದು ತಪ್ಪೂ ಸಿಗಲ್ಲ ಕಣೋ," ಎಂದಳು ಅಕ್ಕ. "ಅವನೂ ಸಿಗಲ್ಲ."

ಆದ್ದರಿಂದ ನನ್ನ ಒತ್ತಾಯವಿಷ್ಟು: ಯಾವ ಇಂಟರ್‌ಫೇಸನ್ನೂ ಮುನ್ಸೂಚನೆಯಿಲ್ಲದೆ ತೆಗೆಯುವುದಿಲ್ಲ, ಹೊಸದು ನೆಲೆಯೂರುವವರೆಗೆ ಹಳೆಯದನ್ನು ನಡೆಸುತ್ತೇವೆ ಎಂದು ಬಹಿರಂಗವಾಗಿ ಬರೆದು ಕೊಡಿ, ಕೊಟ್ಟ ಮೇಲೆ ಪಾಲಿಸಿ. ಅಕ್ಕ ಆ ಹುಡುಗನ ಕ್ಷಮೆ ಕೇಳಿದ್ದಾಳೆ. ಕೇಳಬೇಕಾದವಳು ಅವಳಾಗಿರಲಿಲ್ಲ.

ಇಂತಿ,
ತಮ್ಮ ಮುಂದಿನ ಸುಧಾರಣೆಯ ದಿನ ಬೇರೆ ಕೆಲಸ ಬಿಟ್ಟು ಫೋನ್ ಹಿಡಿದು ಕೂರಲಿರುವ,
ಟೀಚರಮ್ಮನ ತಮ್ಮ