ತೊಳೆದು ಕೊಟ್ಟ ಬಾಟಲಿ

ಗೋಕಾಕ
ಭಾನುವಾರ, 14 ಜುಲೈ 2024

ಪ್ರೀತಿಯ ಅಪ್ಪಾ,

ನಿಮ್ಮ ವಿಜಯಲಕ್ಷ್ಮಿಯ ಶರಣು. ಮೊಣಕಾಲು ನೋವು ಹೇಗಿದೆ? ಸಂಕೇಶ್ವರದಲ್ಲಿ ಮಳೆ ಬಿಟ್ಟೇ ಇಲ್ಲ ಎಂದು ಶುಭಮ್ ಹೇಳಿದ. ತಂಪಿಗೆ ನಿಮ್ಮ ಕೆಮ್ಮು ಏಳುತ್ತದೆ, ಕಾಯಿಸಿ ಆರಿಸಿದ ನೀರನ್ನೇ ಕುಡಿಯಿರಿ ಎಂದು ಬರೆಯಲು ಹೋಗಿ ಕೈ ನಿಂತಿತು. ಇಪ್ಪತ್ತಮೂರು ವರ್ಷ ಊರಿಗೆಲ್ಲ ನೀರು ಬಿಟ್ಟ ವಾಟರ್‌ಮನ್‌ಗೆ ನಾನು ಆ ಮಾತು ಹೇಳಬೇಕೆ? ಅಕ್ಕವ್ವ ಅತ್ತೆಗೂ ನನ್ನ ಶರಣು ಹೇಳಿ. ನೀವು ಮೂರನೇ ತಾರೀಖು ತಂಗಿಯ ಮನೆಗೆಂದು ಹೊರಟಾಗ ನಿಮ್ಮ ಫೋನು ಊರ ಮನೆಯಲ್ಲೇ ಉಳಿಯಿತು, ಬೇಕೆಂದೇ ಬಿಟ್ಟಿರಿ ಎಂದು ಅವ್ವ ಹೇಳುತ್ತಾಳೆ. ಅತ್ತೆಯ ಫೋನಿಗೆ ಮಾಡಿದರೆ ನೀವು ಎದ್ದು ಹೊರಗೆ ಹೋಗುತ್ತೀರಂತೆ. ಹಾಗಾಗಿ ಈ ಕಾಗದ. ಟೆಂಪೋದಲ್ಲಿ ಮಾಲು ಇಳಿಸಲು ಬಂದಿರುವ ಅತ್ತೆಯ ಮಗ ಶುಭಮ್ ಐದು ಗಂಟೆಗೆ ಹೊರಡುತ್ತಾನೆ, ಅಷ್ಟರಲ್ಲಿ ಬರೆದು ಮುಗಿಸಬೇಕು.

ಅವ್ವ ಚೆನ್ನಾಗಿದ್ದಾಳೆ ಎಂದು ಬರೆದರೆ ಸುಳ್ಳಾಗುತ್ತದೆ. ಊರಲ್ಲಿ ಯಾರೂ ಅವಳಿಗೆ ಏನೂ ಅಂದಿಲ್ಲ. ಆದರೂ ಹಿಟ್ಟಿನ ಗಿರಣಿಗೆ ಹೋದರೆ ಬಾಕಿಯವರೆಲ್ಲ ಬೀಸಿಕೊಂಡು ಹೋಗುವ ತನಕ ಹೊರಗೇ ನಿಲ್ಲುತ್ತಾಳೆ. ಒಂದು ಹೊತ್ತು ಉಣ್ಣುತ್ತಾಳೆ. ನೀವು ಹೋಗುವ ದಿನ ಕಟ್ಟಿಕೊಟ್ಟ ರೊಟ್ಟಿ ತಿಂದರೋ ಇಲ್ಲವೋ ಎಂದು ಹನ್ನೊಂದು ದಿನಗಳಿಂದ ಕೇಳುತ್ತಿದ್ದಾಳೆ.

ನಿಮ್ಮ ಕಾಗದವನ್ನು ನಾನು ನೋಡಿದೆ ಅಪ್ಪಾ. ಬುಧವಾರ ನೀವು ಪಂಚಾಯಿತಿಗೆ ಕಳಿಸಿದ್ದು. ಶುಕ್ರವಾರ ನಮ್ಮ ನೀರು ಪರೀಕ್ಷೆಯ ಲ್ಯಾಬಿನ ಹಿರಿಯರಾದ ಮಹಾಂತೇಶ ಸರ್ ಅದರ ನಕಲು ತಂದು ನನ್ನ ಮೇಜಿನ ಮೇಲಿಟ್ಟರು. ಜೂನ್ ಇಪ್ಪತ್ತರಿಂದ ಎಂಟು ದಿನ ನೀರಿನ ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕಿರಲಿಲ್ಲ, ತಪ್ಪು ನನ್ನೊಬ್ಬನದೇ ಎಂದು ಬರೆದಿದ್ದೀರಿ. ಕೊನೆಯ ಸಾಲಿನಲ್ಲಿ, ಲ್ಯಾಬಿನವರದು ಏನೂ ತಪ್ಪಿಲ್ಲ ಎಂದಿದೆ. ಯಾರೂ ಕೇಳದ ಪ್ರಶ್ನೆಗೆ ನೀವು ಉತ್ತರ ಕೊಟ್ಟಿದ್ದೀರಿ. ಯಾರನ್ನು ಉಳಿಸಲು ಎಂಬುದು ನನಗೆ ಗೊತ್ತು.

ನಡೆದದ್ದನ್ನು ನಡೆದ ಹಾಗೆ ಒಮ್ಮೆ ಬರೆಯುತ್ತೇನೆ. ಊರೂರಿಗೆ ಹೋಗಿ ನೀರಿನ ಮಾದರಿ ತರುವವರ ಜಾಗ ಏಪ್ರಿಲ್‌ನಿಂದ ಖಾಲಿ ಇದೆ. ಅದಕ್ಕೇ ಜೂನ್ ಹತ್ತೊಂಬತ್ತರಂದು ನಮ್ಮೂರ ಕೆಳಗಿನ ಓಣಿಯ ನೀರು ತುಂಬುವ ಬಾಟಲಿಯನ್ನು ನಾನೇ ನಿಮ್ಮ ಕೈಗೆ ಕೊಟ್ಟೆ. ತುಂಬಿ ಕೊಡಿ ಎಂದೆ, ತೊಳೆಯಬೇಡಿ ಎನ್ನಲಿಲ್ಲ. ಹೊರಗಿನವರಿಗೆ ನೀರು ಕೊಡುವ ಮುಂಚೆ ಲೋಟವನ್ನು ಅವರ ಕಣ್ಣೆದುರೇ ಇನ್ನೊಮ್ಮೆ ತೊಳೆಯುವ ಮನೆ ನಮ್ಮದು. ಅದು ನನಗೆ ಹೊಳೆಯಬೇಕಿತ್ತು. ಆ ಓಣಿಯ ಸಾವಂತ್ರೆವ್ವಾಯಿ ಸತ್ತ ದಿನ ಹಿತ್ತಲಲ್ಲಿ ಕೂತು ನೀವು ಹೇಳಿದಿರಿ: "ಬಾಟ್ಲಿ ತಳದಾಗ ಏನೋ ಬೆಳ್ಳಗ ಕುಂತಿತ್ತವ್ವಾ. ಹೊಲಸ ಬಾಟ್ಲಿ ಕೊಟ್ರ ನಿನ್ನ ಹೆಸರ ಕೆಡ್ತೈತಿ ಅಂತ ಬ್ಲೀಚಿಂಗ್ ನೀರಾಗ ಚಲೋತ್ನ್ಯಾಗ ತೊಳದೆ."

ಆ ಬಿಳಿಯದು ಕೊಳೆಯಲ್ಲ ಅಪ್ಪಾ. ನೀರಿನಲ್ಲಿರುವ ಬ್ಲೀಚಿಂಗಿನ ಶಕ್ತಿ ಬಾಟಲಿಯೊಳಗೂ ಕೆಲಸ ಮುಂದುವರಿಸದಿರಲಿ, ನಳದಲ್ಲಿದ್ದ ನೀರು ಇದ್ದ ಹಾಗೆಯೇ ನಮ್ಮ ಕೈಗೆ ಬರಲಿ ಎಂದು ನಾವೇ ಹಾಕಿ ಮುಚ್ಚಿ ಕೊಡುವ ಮದ್ದು ಅದು. ಅದು ತೊಳೆದುಹೋಯಿತು, ಬದಲಿಗೆ ಬ್ಲೀಚಿಂಗ್ ಉಳಿಯಿತು. ಗೋಕಾಕಕ್ಕೆ ಬರುವ ದಾರಿಯಲ್ಲೇ ಆ ನೀರಿನಲ್ಲಿದ್ದ ಕ್ರಿಮಿಗಳೆಲ್ಲ ಸತ್ತವು. ವರದಿಯಲ್ಲಿ "ಕುಡಿಯಲು ಯೋಗ್ಯ" ಎಂದು ಬಂತು. ಆರು ದಿನಗಳ ಮೇಲೆ ಕೆಳಗಿನ ಓಣಿಯಲ್ಲಿ ನಲವತ್ತೊಂದು ಜನಕ್ಕೆ ವಾಂತಿಭೇದಿ. ಜುಲೈ ಒಂದರಂದು ಸಾವಂತ್ರೆವ್ವಾಯಿ ಅಂಬ್ಯುಲೆನ್ಸಿನಲ್ಲೇ ಹೋದಳು.

ಇನ್ನು ನನ್ನದು. ಮುಚ್ಚಳ ತೆಗೆದ ಕೂಡಲೇ ಬ್ಲೀಚಿಂಗ್ ವಾಸನೆ ಮೂಗಿಗೆ ಬಡಿದಿತ್ತು. ಅಂಥ ಬಾಟಲಿಯನ್ನು ಪರೀಕ್ಷೆಗೆ ಇಡಬಾರದು, ವಾಪಸು ಕಳಿಸಿ ಹೊಸದು ತರಿಸಬೇಕು, ನಿಯಮ ಅದು. ಬೇರೆ ಊರಿನದಾಗಿದ್ದರೆ ಕಳಿಸುತ್ತಿದ್ದೆ. ಬಾಟಲಿಯ ಚೀಟಿಯ ಮೇಲೆ ನಿಮ್ಮ ಅಕ್ಷರವಿತ್ತು. ವಾಪಸು ಹೋದರೆ ಪಂಚಾಯಿತಿಯಲ್ಲಿ ನಿಮಗೆ ಮಾತು ಬರುತ್ತದೆ, ಟಾಕಿಗೆ ಪೌಡರ್ ಹಾಕುವಾಗ ನಿಮ್ಮ ಕೈ ಸ್ವಲ್ಪ ಧಾರಾಳವಾಗಿರಬೇಕು ಅಷ್ಟೇ ಎಂದುಕೊಂಡು ಇಟ್ಟೆ. ನೀವು ನನ್ನ ಹೆಸರು ನೋಡಿದಿರಿ, ನಾನು ನಿಮ್ಮ ಹೆಸರು ನೋಡಿದೆ. ಆ ಓಣಿಯ ನೀರನ್ನು ಇಬ್ಬರೂ ನೋಡಲಿಲ್ಲ.

ಶುಕ್ರವಾರ ಮಹಾಂತೇಶ ಸರ್ ಒಂದು ಹಾಳೆ ಮುಂದಿಟ್ಟು, "ಬಾಟ್ಲಿ ಬಂದಾಗ ಸರಿ ಇತ್ತು ಅಂತ ಸಹಿ ಮಾಡವಾ. ನಿಮ್ಮಪ್ಪಾರು ತಾವ ಒಪ್ಕೊಂಡಾರ, ಇನ್ನ ಯಾರಿಗಿ ತ್ರಾಸ ಐತಿ?" ಎಂದರು. ಅವರು ಕೆಟ್ಟವರಲ್ಲ, ನನ್ನ ಕಾಂಟ್ರಾಕ್ಟ್ ಮಾರ್ಚ್ ತನಕ ಉಳಿಯಲಿ ಎಂಬುದೇ ಅವರ ಮನಸ್ಸಿನಲ್ಲಿತ್ತು. ಸಹಿ ಮಾಡಿದೆ.

ನಿನ್ನೆ ಬೆಳಿಗ್ಗೆ ಊರಿಗೆ ಹೋಗಿ ಸಾವಂತ್ರೆವ್ವಾಯಿಯ ಮಗ ಸತ್ಯಪ್ಪನ ಮನೆಗೆ ಹೋದೆ. ಅವನು ನಿಮ್ಮನ್ನು ಚಾಷ್ಟಿ ಮಾಡಿ ನಗುತ್ತಿದ್ದದ್ದು ನೆನಪಿರಬೇಕು, ಉದ್ದಪ್ಪಣ್ಣನ ನೀರಲ್ಲಿ ಚಹಾ ಕಾಸಿದರೆ ದವಾಖಾನಿ ಕುಡಿದ ಹಾಗಾಗುತ್ತದೆ ಎಂದು. ಬೈಯುತ್ತಾನೆ ಎಂದುಕೊಂಡೇ ಹೊಸ್ತಿಲ ಹತ್ತಿರ ಕೂತೆ. ಅವನು ಬೈಯಲಿಲ್ಲ. ನಿಮ್ಮ ಕಾಗದದ ಸುದ್ದಿ ಅವನಿಗೂ ಮುಟ್ಟಿತ್ತು. "ಸುಳ್ಳ ಬರದಾನ ನಿಮ್ಮಪ್ಪ. ಮ್ಯಾಲಿನ ಓಣ್ಯಾಗ ದಿನಾ ವಾಸನಿ ಬರತಿತ್ತು, ನಮ್ಮ ನಳಕ್ಕ ಅಷ್ಟ ಬರತಿದ್ದಿಲ್ಲ. ಔಷಧ ಹಾಕಲಾರದ ಇದ್ರ ಎರಡೂ ಕಡೆ ಬರಬಾರದಿತ್ತಲ್ಲ?" ಎಂದ. ಆಮೇಲೆ ಎದ್ದು ಗಟಾರ ತೋರಿಸಿದ. ಪೈಪು ಅದರೊಳಗೇ ಹಾದಿದೆ. ನೀವು ಸೈಕಲ್ ಟ್ಯೂಬ್ ಸುತ್ತಿ ಬಿಗಿದ ಜಾಗ ಮತ್ತೆ ಜಿನುಗುತ್ತಿದೆ. ಅದನ್ನು ಬದಲಿಸಿ ಎಂದು ಎರಡು ವರ್ಷದಲ್ಲಿ ನೀವು ಮೂರು ಅರ್ಜಿ ಕೊಟ್ಟಿದ್ದೀರಿ. ನೀರು ಬಿಟ್ಟಾಗ ಹೊರಗೆ ಸೋರುವ ಪೈಪು, ನಿಲ್ಲಿಸಿದಾಗ ಗಟಾರವನ್ನು ಒಳಗೆ ಎಳೆದುಕೊಳ್ಳುತ್ತದೆ. ನೀವು ಹಾಕಿದ ಔಷಧದ ಶಕ್ತಿಯೆಲ್ಲ ಆ ಹೊಲಸಿನಲ್ಲೇ ಮುಗಿದುಹೋಗುತ್ತದೆ.

ನಿಮ್ಮ ಕಾಗದ ಮಾಡಿದ್ದು ಇದನ್ನೇ ಅಪ್ಪಾ. ಔಷಧ ಹಾಕದ ವಾಟರ್‌ಮನ್ ಸಿಕ್ಕ ಮೇಲೆ ಪೈಪು ಅಗೆದು ನೋಡುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಗುರುವಾರದ ವಿಚಾರಣೆಯಲ್ಲಿ ನೀವು ಅದನ್ನೇ ಬಾಯಿಂದ ಹೇಳಿದರೆ ಫೈಲು ಮುಚ್ಚುತ್ತದೆ. ನಾನು ನಾಳೆ ಹತ್ತು ಗಂಟೆಗೆ ಇನ್ನೊಂದು ಹೇಳಿಕೆ ಕೊಡುತ್ತೇನೆ. ನಿಮ್ಮ ಬಾಟಲಿ, ನನ್ನ ಮೂಗು, ಶುಕ್ರವಾರದ ಸಹಿ ಎಲ್ಲ ಅದರಲ್ಲಿದೆ. ನನ್ನ ಕೆಲಸ ಹೋಗುತ್ತದೆ. ನಿಮಗೂ ಶಿಕ್ಷೆ ತಪ್ಪಲಿಕ್ಕಿಲ್ಲ. ಇದರಿಂದ ಸಾವಂತ್ರೆವ್ವಾಯಿ ಬರುವುದಿಲ್ಲ ಎಂಬುದೂ ಗೊತ್ತಿದೆ. ಆದರೆ ನನ್ನ ಸಲುವಾಗಿ ಸುಳ್ಳು ಹೇಳಬೇಡಿ. ಅದನ್ನು ಕೇಳಲು ಈ ಕಾಗದ.

ಅತ್ತೆಯ ಮನೆಯವರೆಲ್ಲರಿಗೂ ನಮಸ್ಕಾರ. ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ ಮಗಳು,
ವಿಜಯಲಕ್ಷ್ಮಿ

ತಾ.ಕ.: ಶುಭಮ್ ಗಾಡಿ ಚಾಲೂ ಮಾಡಿ ನಿಂತಿದ್ದಾನೆ. ನಿನ್ನೆ ಸತ್ಯಪ್ಪನ ನಳದಿಂದ ಚಿಕ್ಕ ಪರೀಕ್ಷೆ ಬಾಟಲಿಯಲ್ಲಿ ನೀರು ಹಿಡಿದು ತಂದಿದ್ದೆ. ಈಗ ಕಪಾಟು ತೆಗೆದು ನೋಡಿದೆ, ಕಪ್ಪಾಗಿದೆ, ಅಂದರೆ ಆ ನೀರಿನಲ್ಲಿ ಹೊಲಸು ಈಗಲೂ ಇದೆ. ತಿಳಿಸಲು ಸತ್ಯಪ್ಪನಿಗೆ ಫೋನ್ ಮಾಡಿದರೆ, ಕಾರಣ ಗೊತ್ತಾಯಿತಲ್ಲ ಎಂದು ಇಷ್ಟು ದಿನ ಓಣಿಗೆ ಕಳಿಸುತ್ತಿದ್ದ ನೀರಿನ ಟ್ಯಾಂಕರನ್ನು ಇಂದಿನಿಂದ ನಿಲ್ಲಿಸಿದ್ದಾರೆ ಎಂದ. ಮಧ್ಯಾಹ್ನ ಓಣಿಯವರು ನಳಕ್ಕೇ ಕೊಡ ಇಟ್ಟಿದ್ದಾರೆ. ಇನ್ನು ನಾಳೆ ಬೆಳಿಗ್ಗೆ ಆರಕ್ಕೆ ನೀರು ಬಿಡುತ್ತಾರೆ. ಅಷ್ಟರೊಳಗೆ ಬಂದ್ ಮಾಡಬೇಕು, ಆದರೆ ಕೆಳಗಿನ ಓಣಿಯ ನೀರು ನಿಲ್ಲಿಸುವ ವಾಲ್ ಯಾವ ಹಾಸುಗಲ್ಲಿನ ಕೆಳಗಿದೆ ಎಂದು ನಿಮ್ಮ ಜಾಗಕ್ಕೆ ಬಂದವನಿಗೆ ಗೊತ್ತಿಲ್ಲ, ನಿಮ್ಮೊಬ್ಬರಿಗೇ ಗೊತ್ತು. ಇದೇ ಟೆಂಪೋದಲ್ಲಿ ತಿರುಗಿ ಬನ್ನಿ. ಬರಲು ಮನಸ್ಸಾಗದಿದ್ದರೆ ಶುಭಮ್‌ನ ಫೋನಿನಿಂದ ಆ ಜಾಗವನ್ನಾದರೂ ಹೇಳಿ. ನನಗೆ ಹೇಳುವುದು ಬೇಡವೆನಿಸಿದರೆ ಸತ್ಯಪ್ಪನಿಗೇ ಹೇಳಿ. ಅವನು ಸಲಿಕೆ ತೆಗೆದಿಟ್ಟುಕೊಂಡು ಕೂತಿದ್ದಾನೆ.